ಬರೆಯಲು ಒಲ್ಲದ ಹುಡುಗಿ, ಕಾರ್ಡು ಎಸೆಯುವ ಹುಡುಗ: ಆಟಿಸಂ ಇರುವ ಮಗುವಿಗೆ ಪಾಠ ಹೊಂದಿಸುವುದು

(ಶಿಕ್ಷಕರು ಮತ್ತು ಪೋಷಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಸಭೆ ಶುರುವಾಗುವ ಮೊದಲು ಕೆಲವರು ಹತ್ತಿರ ಬಂದು ಹೆಚ್ಚುಕಡಿಮೆ ಒಂದೇ ಮಾತು ಕೇಳಿದರು. "ಆಟಿಸಂ ಇರೋ ಮಗುವಿಗೆ ಕಲಿಸೋಕೆ ಯಾವ ವಿಧಾನ ಒಳ್ಳೇದು? ಅದೊಂದು ಹೇಳಿಬಿಡಿ, ಸಾಕು." ಆ ಪ್ರಶ್ನೆಯ ಹಿಂದಿರುವ ಆಯಾಸ ನನಗೆ ಅರ್ಥವಾಗುತ್ತದೆ. ಕ್ಲಾಸಿನಲ್ಲಿ ಇನ್ನೂ ಹತ್ತಾರು ಮಕ್ಕಳಿರುತ್ತಾರೆ, ಪಾಠ ಮುಗಿಸಬೇಕು. ಮನೆಯಲ್ಲಿ ಅಪ್ಪ ಅಮ್ಮ ಕೆಲಸ ಮುಗಿಸಿ ಮಗುವಿನ ಜೊತೆ ಕೂರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಒಂದು ಖಚಿತ ದಾರಿ ಸಿಕ್ಕಿಬಿಟ್ಟರೆ ಎಷ್ಟು ಚೆನ್ನ, ಅಲ್ವಾ?

ಆದರೂ ನಾನು ತಿರುಗಿ ಕೇಳುವುದು ಇಷ್ಟೇ. ಯಾವ ಮಗು? ಯಾವ ಪಾಠ? ಆ ಪಾಠದಲ್ಲಿ ಆ ಮಗು ಎಲ್ಲಿಗೆ ಬಂದು ನಿಂತುಬಿಡುತ್ತದೆ? ಇದಕ್ಕೆ ಉತ್ತರ ಸಿಗುವ ತನಕ ಯಾವ ವಿಧಾನದ ಹೆಸರು ಹೇಳಿದರೂ ಅದು ಕತ್ತಲಲ್ಲಿ ಕಲ್ಲು ಎಸೆದ ಹಾಗೆ.

ಬೇರೆಯವರ ಜೊತೆ ಬೆರೆಯುವ, ಮಾತಾಡುವ, ಸುತ್ತಲಿನದನ್ನು ಗ್ರಹಿಸುವ ರೀತಿ ಚಿಕ್ಕಂದಿನಿಂದಲೇ ಬೇರೆಯಾಗಿರುವುದಕ್ಕೆ ಆಟಿಸಂ ಅನ್ನುತ್ತಾರೆ. ಈ ಹೆಸರು ಮಗುವಿನ ಬಗ್ಗೆ ಎಷ್ಟು ಹೇಳುತ್ತದೆ ಅನ್ನುವುದನ್ನು ಮೊದಲು ನೋಡೋಣ. 1943ರಲ್ಲಿ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು 11 ಮಕ್ಕಳ ಬಗ್ಗೆ ಒಂದು ಲೇಖನ ಬರೆದರು. ಆಟಿಸಂ ಬಗ್ಗೆ ಇವತ್ತು ನಡೆಯುವ ಮಾತಿಗೆ ಅದು ಒಂದು ಮೂಲ. ಆ 11 ಮಕ್ಕಳಲ್ಲೇ 8 ಜನಕ್ಕೆ ಮಾತು ಬಂದಿತ್ತು, 3 ಜನಕ್ಕೆ ಬಂದಿರಲಿಲ್ಲ. ಮರುವರ್ಷ, 1944ರಲ್ಲಿ, ಹ್ಯಾನ್ಸ್ ಆಸ್ಪರ್ಗರ್ ಎಂಬ ವೈದ್ಯರು ಬರೆದದ್ದು ದೊಡ್ಡವರ ಹಾಗೆ ಉದ್ದುದ್ದ ಮಾತಾಡುವ ಮಕ್ಕಳ ಬಗ್ಗೆ. ಇಬ್ಬರಿಗಿಂತ ಮುಂಚೆ, 1925ರಲ್ಲೇ, ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ ಇಂಥ ಹುಡುಗರನ್ನು ಕಂಡು ಬರೆದಿಟ್ಟಿದ್ದರು. ಅವರ ಹೆಸರು ಬಹಳ ಕಾಲ ಯಾರ ಗಮನಕ್ಕೂ ಬರಲಿಲ್ಲ, ಅದು ಬೇಸರದ ಸಂಗತಿ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಮನಸ್ಸಿನ ತೊಂದರೆಗಳನ್ನು ಗುರುತಿಸುವ ತನ್ನ ಕೈಪಿಡಿಯ ಐದನೇ ಆವೃತ್ತಿ ತಂದಾಗ ಬೇರೆಬೇರೆ ಹೆಸರುಗಳನ್ನೆಲ್ಲ ಸೇರಿಸಿ ಒಂದೇ ಹೆಸರು ಕೊಟ್ಟಿತು. ಬೆಳಕು, ಸದ್ದು, ಸ್ಪರ್ಶ ಇವೆಲ್ಲ ಕೆಲವರಿಗೆ ತೀರಾ ಜಾಸ್ತಿ ತಟ್ಟುತ್ತವೆ, ಕೆಲವರಿಗೆ ತೀರಾ ಕಡಿಮೆ. ಅದೂ ಆಗಲೇ ಲಕ್ಷಣಗಳ ಪಟ್ಟಿಗೆ ಸೇರಿತು.

ಅಂದರೆ ಒಂದೂ ಮಾತಾಡದ ಮಗುವಿಗೂ ಇದೇ ಹೆಸರು, ಗ್ರಹಗಳ ಬಗ್ಗೆ ನಿಲ್ಲಿಸದೆ ಹೇಳುವ ಮಗುವಿಗೂ ಇದೇ ಹೆಸರು. ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡುವ ಮಗು, ಅದೇ ಮಿಕ್ಸಿಗೆ ಕಿವಿ ಒತ್ತಿ ನಿಲ್ಲುವ ಮಗು, ಇಬ್ಬರಿಗೂ ಇದೇ ಹೆಸರು. ಆಟಿಸಂ ಇದೆ ಎಂದು ವೈದ್ಯರು ಕೊಟ್ಟ ವರದಿ ಓದಿದರೆ ಯಾವ ದಿಕ್ಕಿನಲ್ಲಿ ನೋಡಬೇಕು ಅನ್ನುವುದು ತಿಳಿಯುತ್ತದೆ. ನಾಳೆ ಬೆಳಗ್ಗೆ ಕೂಡುವ ಲೆಕ್ಕವನ್ನು ಹೇಗೆ ಹೇಳಿಕೊಡಬೇಕು ಅನ್ನುವುದು ಅದರಲ್ಲಿ ಇರುವುದಿಲ್ಲ.

ಇಲ್ಲಿ ಒಂದು ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. "ಆಟಿಸಂ ಇರುವ ಮಕ್ಕಳು ನೋಡಿ ಕಲಿಯುತ್ತಾರೆ, ಚಿತ್ರ ತೋರಿಸಿ" ಎಂದು ನೀವೆಲ್ಲ ಕೇಳಿರುತ್ತೀರಿ. ಎಷ್ಟೋ ಮಕ್ಕಳ ವಿಷಯದಲ್ಲಿ ಇದು ನಿಜ. ಮಾತು ಹೇಳಿದ ಕ್ಷಣಕ್ಕೇ ಮುಗಿದುಹೋಗುತ್ತದೆ, ಚಿತ್ರ ಅಲ್ಲೇ ಇರುತ್ತದೆ. ಬೇಕಾದಾಗ ಮತ್ತೆ ನೋಡಬಹುದು. ತಾವು ಚಿತ್ರಗಳಲ್ಲೇ ಯೋಚಿಸುವುದಾಗಿ ಹೇಳಿ ಈ ತಿಳಿವಳಿಕೆಯನ್ನು ಎಲ್ಲೆಡೆ ಹರಡಿದವರು ಅಮೆರಿಕದ ಪ್ರಾಣಿ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್. ಅವರಿಗೂ ಆಟಿಸಂ ಇದೆ. ಆದರೆ ಎಲ್ಲರೂ ತಮ್ಮ ಹಾಗೇ ಯೋಚಿಸುವುದಿಲ್ಲ, ಕೆಲವರು ಸಂಖ್ಯೆ ಮತ್ತು ವಿನ್ಯಾಸಗಳಲ್ಲಿ, ಕೆಲವರು ಪದಗಳಲ್ಲಿ ಯೋಚಿಸುತ್ತಾರೆ ಎಂದು ಅವರೇ ಮುಂದೆ ಹೇಳಿದರು. ಆ ಎರಡನೇ ಮಾತು ಮೊದಲನೆಯದರಷ್ಟು ಹರಡಲಿಲ್ಲ. ಅದಕ್ಕೇ ಇವತ್ತಿಗೂ ಮಗು ಬಂದ ಮೊದಲ ದಿನವೇ ಗೋಡೆಗೆ ಚಿತ್ರದ ಪಟ್ಟಿ ಅಂಟಿಸುತ್ತೇವೆ.

ಈಗ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಆರು ವರ್ಷ, ಮಾತಿಲ್ಲ. ಅವನಿಗಾಗಿ ಟೀಚರ್ ತುಂಬ ಶ್ರದ್ಧೆಯಿಂದ ದಿನದ ವೇಳಾಪಟ್ಟಿ ಮಾಡಿದ್ದರು. ಉದ್ದನೆಯ ಪಟ್ಟಿ, ಅದರ ಮೇಲೆ ಸಾಲಾಗಿ ಚಿತ್ರ ಕಾರ್ಡು, ಹಿಂದೆ ವೆಲ್ಕ್ರೋ. ಅವನು ಬಂದವನೇ ಒಂದೊಂದೇ ಕಾರ್ಡು ಕಿತ್ತು ಎಸೆಯುತ್ತಿದ್ದ. "ಇವನಿನ್ನೂ ಇದಕ್ಕೆ ತಯಾರಾಗಿಲ್ಲ" ಎಂದು ಪಟ್ಟಿಯನ್ನು ಬೀರುವಿಗೆ ಸೇರಿಸಿದರು.

ಅವನನ್ನು ಸುಮ್ನೆ ಕೂತು ನೋಡಿದಾಗ ಎರಡು ವಿಷಯ ಕಂಡವು. ಕಾರ್ಡು ಕೀಳುವಾಗ ಅವನು ಪ್ರತಿ ಸಲ ತಲೆ ಬಾಗಿಸಿ ಕಿವಿಯನ್ನು ಪಟ್ಟಿಯ ಹತ್ತಿರ ತರುತ್ತಿದ್ದ. ಅವನಿಗೆ ಬೇಕಿದ್ದದ್ದು ವೆಲ್ಕ್ರೋ ಬಿಡುವ ಆ ಪರ್ ಸದ್ದು. ಚಿತ್ರದ ಕಡೆ ಅವನ ಕಣ್ಣು ಹೋಗುತ್ತಲೇ ಇರಲಿಲ್ಲ. ಎರಡನೆಯದು, ಅಮ್ಮ ಚೀಲ ಎತ್ತಿಕೊಂಡ ಕೂಡಲೇ ಅವನು ನೇರ ಹೋಗಿ ಚಪ್ಪಲಿ ಹತ್ತಿರ ನಿಲ್ಲುತ್ತಿದ್ದ. ಚೀಲ ಅಂದರೆ ಹೊರಡುವುದು ಎಂದು ಅವನಿಗೆ ಗೊತ್ತು. ಒಂದು ವಸ್ತು ಮುಂದೆ ಆಗುವುದನ್ನು ಹೇಳುತ್ತದೆ ಅನ್ನುವುದು ಅವನ ತಲೆಯಲ್ಲಿ ಆಗಲೇ ಇತ್ತು. ಕಾಗದದ ಮೇಲಿನ ಗೆರೆಗಳು ಒಂದು ಕೆಲಸವನ್ನು ಸೂಚಿಸುತ್ತವೆ ಅನ್ನುವುದು ಇನ್ನೂ ಬಂದಿರಲಿಲ್ಲ.

ಹಾಗಾಗಿ ಚಿತ್ರ ಬಿಟ್ಟು ವಸ್ತು ಹಿಡಿದೆವು. ಆಟಕ್ಕೆ ಹೋಗುವ ಮೊದಲು ಕೈಗೆ ಚೆಂಡು. ಊಟಕ್ಕೆ ಮೊದಲು ಅವನದೇ ಚಮಚ. ಒಂದು ಸಲಕ್ಕೆ ಒಂದೇ ವಸ್ತು, ಇಡೀ ದಿನದ್ದಲ್ಲ. ವಸ್ತು ಕೈಗೆ ಬಂದರೆ ಎಲ್ಲಿಗೆ ಹೋಗಬೇಕು ಅನ್ನುವುದು ಗಟ್ಟಿಯಾದ ಮೇಲೆ ಆ ವಸ್ತುವಿನ ಪಕ್ಕ ಅದರದೇ ಫೋಟೋ ಇಟ್ಟೆವು. ಆಮೇಲೆ ಫೋಟೋ ಮಾತ್ರ. ಗೆರೆಚಿತ್ರಕ್ಕೆ ಬಂದದ್ದು ಬಹಳ ತಡವಾಗಿ. ಇನ್ನು ವೆಲ್ಕ್ರೋ? ಅದನ್ನು ಅವನ ಬಿಡುವಿನ ಹೊತ್ತಿನ ಪೆಟ್ಟಿಗೆಗೆ ಹಾಕಿಕೊಟ್ಟೆವು. ಬೇಕಾದಷ್ಟು ಕೀಳಲಿ.

ದಿನದ ವೇಳಾಪಟ್ಟಿ ಕೆಟ್ಟದ್ದಾಗಿರಲಿಲ್ಲ ನೋಡಿ. ವಸ್ತು, ಫೋಟೋ, ಗೆರೆಚಿತ್ರ, ಬರೆದ ಪದ ಅನ್ನುವ ಮೆಟ್ಟಿಲುಗಳಲ್ಲಿ ಅದು ಈ ಮಗು ನಿಂತ ಜಾಗಕ್ಕಿಂತ ಮೇಲಿತ್ತು, ಅಷ್ಟೇ. ಇದರ ತಿರುವುಮುರುವೂ ಆಗುತ್ತದೆ. ಸಣ್ಣ ವಯಸ್ಸಿಗೇ ತಾನಾಗಿ ಓದಲು ಕಲಿತ ಮಗುವಿಗೆ ಚಿತ್ರ ಕಾರ್ಡು ಕೊಟ್ಟರೆ ಅದು ಚಿತ್ರ ಬಿಟ್ಟು ಕೆಳಗೆ ಬರೆದ ಪದ ಓದುತ್ತದೆ. ಅಂಥ ಮಗುವಿಗೆ ನಾಲ್ಕು ಸಾಲಿನ ಪಟ್ಟಿ ಬರೆದು ಕೊಟ್ಟರೆ ಸಾಕು, ಮುಗಿದದ್ದಕ್ಕೆ ತಾನೇ ಗೀಟು ಹಾಕಿಕೊಂಡು ಹೋಗುತ್ತದೆ.

ಎರಡನೆಯದು ಹುಡುಗಿಯದು. ಇದರಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಯಾಕೆಂದರೆ ನನ್ನ ಹತ್ತಿರ ಬರುವ ಶಿಕ್ಷಕರಲ್ಲಿ ಬಹಳ ಜನ ಹೇಳುವ ಕಷ್ಟ ಇದೇ. "ಎಲ್ಲ ಗೊತ್ತು ಮೇಡಂ, ಆದ್ರೆ ಬರೆಯಲ್ಲ."

ಒಂಬತ್ತು ವರ್ಷ. ಓದುವುದರಲ್ಲಿ ಕ್ಲಾಸಿಗೇ ಮುಂದು. ಪ್ರಶ್ನೆ ಕೇಳಿದರೆ ಬಾಯಲ್ಲಿ ಉತ್ತರ ಸಿದ್ಧ. ನೋಟ್‌ಬುಕ್ ತೆಗೆದು "ಬರಿ" ಅಂದ ಕೂಡಲೇ ಬೆಂಚಿನ ಕೆಳಗೆ ಹೋಗಿ ಕೂತುಬಿಡುತ್ತಾಳೆ. ಜಾಸ್ತಿ ಒತ್ತಾಯ ಮಾಡಿದರೆ ಪೆನ್ಸಿಲ್ ಮುರಿಯುತ್ತಾಳೆ. ಹಠ ಅಂದರು. ಬರೆದರೆ ಸ್ಟಿಕ್ಕರ್ ಅಂದರು. ಸ್ಟಿಕ್ಕರ್ ಬೇಕು ಎಂದು ಅತ್ತಳು, ಬರೆಯಲಿಲ್ಲ. ಇಲ್ಲೇ ನಾವು ಎಚ್ಚರವಾಗಬೇಕು. ಬೇಕು ಅಂತ ಅಳುವ ಮಗು ಅದಕ್ಕಾಗಿ ಒಂದು ಸಾಲು ಬರೆಯುತ್ತಿಲ್ಲ ಅಂದರೆ, ಮನಸ್ಸಿಲ್ಲ ಅನ್ನುವ ವಿವರಣೆ ಅಲ್ಲಿಗೆ ಬಿತ್ತು. ಏನೋ ಒಂದು ಅವಳ ಕೈಲಿ ಆಗುತ್ತಿಲ್ಲ. ಯಾವುದು ಅದು?

ಕೈಯೇ ಸೋಲುತ್ತಿರಬಹುದು. ಆಟಿಸಂ ಇರುವ ಅನೇಕ ಮಕ್ಕಳಿಗೆ ಬೆರಳಿನ ಸೂಕ್ಷ್ಮ ಚಲನೆ ಕಷ್ಟ. ಪೆನ್ಸಿಲನ್ನು ಎಷ್ಟು ಒತ್ತಬೇಕು ಎಂದು ತಿಳಿಯದೆ ತುದಿ ಮುರಿಯುತ್ತದೆ, ಇಲ್ಲವೇ ಅಕ್ಷರ ಕಾಣದಷ್ಟು ತೆಳುವಾಗುತ್ತದೆ. ಒಂದು ಸಾಲಿಗೇ ಕೈ ನೋಯುತ್ತದೆ. ಇದು ಕಾರಣವಾಗಿದ್ದರೆ ಕೀಬೋರ್ಡ್ ಕೊಟ್ಟಾಗ ಬರವಣಿಗೆ ಬರಬೇಕು.

ಅಥವಾ ಖಾಲಿ ಹಾಳೆಯೇ ಅಡ್ಡಿಯಾಗಿರಬಹುದು. "ನಿನ್ನ ರಜೆಯ ಬಗ್ಗೆ ಬರಿ" ಅಂದರೆ ಎಲ್ಲಿಂದ ಶುರು ಮಾಡಬೇಕು? ಎಷ್ಟು ಬರೆದರೆ ಮುಗಿಯಿತು? ನಮಗೆ ಇದು ಹೇಳದೆಯೇ ತಿಳಿಯುತ್ತದೆ. ಅವಳಿಗೆ ಅದು ದಡ ಕಾಣದ ಕೆಲಸ. ಹಾಗಿದ್ದರೆ ಅರ್ಧ ವಾಕ್ಯ ನಾವು ಬರೆದುಕೊಟ್ಟು, ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು "ಇಲ್ಲಿವರೆಗೆ ಮಾತ್ರ" ಅಂದರೆ ಬದಲಾವಣೆ ಕಾಣಬೇಕು.

ತಪ್ಪಿನ ಭಯವೂ ಇರಬಹುದು. ಅಕ್ಷರ ಅಚ್ಚಿನ ಹಾಗೆ ಬರಲಿಲ್ಲ ಎಂದು ಹಾಳೆ ಹರಿಯುವ ತನಕ ಉಜ್ಜುವ ಮಕ್ಕಳಿದ್ದಾರೆ. ಅಂಥವರು ಸ್ಲೇಟಿನ ಮೇಲೆ, ಒರೆಸಿದರೆ ಗುರುತು ಉಳಿಯದ ಬಿಳಿ ಹಲಗೆಯ ಮೇಲೆ ಆರಾಮಾಗಿ ಬರೆಯುತ್ತಾರೆ. ಇನ್ನು ಕೆಲವರಿಗೆ ಕಾಗದದ ಮೇಲೆ ಪೆನ್ಸಿಲ್ ಕೆರೆಯುವ ಸದ್ದೇ ಹಲ್ಲು ಜುಂ ಅನ್ನಿಸುತ್ತದೆ. ಜೆಲ್ ಪೆನ್ ಕೊಟ್ಟರೆ ಅಲ್ಲಿಗೆ ಮುಗಿಯಿತು. ಮತ್ತೆ ಕೆಲವರ ತಕರಾರು ನ್ಯಾಯವಾದದ್ದೇ. ಉತ್ತರ ಆಗಲೇ ಹೇಳಿದ್ದೇನಲ್ಲ, ಅದನ್ನೇ ಮತ್ತೆ ಯಾಕೆ ಬರೀಬೇಕು? ಇದಕ್ಕೆ ಒಂದು ನಿಜವಾದ ಕಾರಣ ಕೊಟ್ಟರೆ ಒಪ್ಪುತ್ತಾರೆ.

ಹೊರಗಿನಿಂದ ನೋಡಿದರೆ ಈ ಎಲ್ಲ ಮಕ್ಕಳೂ ಒಂದೇ ಥರ ಕಾಣುತ್ತಾರೆ, ಬರೆಯದ ಮಗು ಅಷ್ಟೇ. ಪರಿಹಾರ ಮಾತ್ರ ಒಂದೊಂದಕ್ಕೆ ಒಂದೊಂದು. ಈ ಹುಡುಗಿಗೆ ಮೊದಲು ಬಿಳಿ ಹಲಗೆ ಕೊಟ್ಟರು. ಬೆಂಚಿನ ಕೆಳಗೇ ಹೋದಳು. ಭಯ ಕಾರಣವಲ್ಲ ಅನ್ನಿಸಿತು. ಇನ್ನೊಂದು ದಿನ ಕೀಬೋರ್ಡ್ ಕೊಟ್ಟರು. ಕೆಳಗೆ ಹೋಗಲಿಲ್ಲ, ಎರಡು ಮೂರು ಪದ ಹೊಡೆದು ನಿಲ್ಲಿಸಿದಳು. ಕೀಬೋರ್ಡ್ ಜೊತೆಗೆ ಅರ್ಧ ವಾಕ್ಯಗಳನ್ನೂ ಕೊಟ್ಟ ದಿನ ಪುಟ ತುಂಬಿಸಿದಳು. ಕೈಯ ಕಷ್ಟ, ಶುರು ಮಾಡುವ ಕಷ್ಟ, ಎರಡೂ ಒಂದರ ಮೇಲೊಂದು ಕೂತಿದ್ದವು. ಒಂದನ್ನೇ ತೆಗೆದಾಗ ಏನೂ ಆಗಲಿಲ್ಲ ಎಂದು ಅಲ್ಲೇ ಬಿಟ್ಟಿದ್ದರೆ ಎರಡನೆಯದು ಕಾಣುತ್ತಲೇ ಇರಲಿಲ್ಲ.

ಆಮೇಲೆ ಮಾಡಿದ್ದು ಸರಳ. ವಿಜ್ಞಾನ, ಸಮಾಜ, ಪ್ರಬಂಧ ಎಲ್ಲ ಕೀಬೋರ್ಡಿನಲ್ಲಿ. ಕೈಬರಹವನ್ನು ಅದರಿಂದ ಬಿಡಿಸಿ, ಬೇರೆ ಹೊತ್ತಿನಲ್ಲಿ ಕೆಲವೇ ನಿಮಿಷ. ಅದೂ ಉಪಯೋಗಕ್ಕೆ ಬರುವ ಬರವಣಿಗೆ. ಪುಸ್ತಕದ ಕಪಾಟಿಗೆ ಚೀಟಿ, ಡಬ್ಬಿಗಳ ಮೇಲೆ ಹೆಸರು. ವಿಚಾರ ಮಾಡುವುದು, ಅಕ್ಷರ ಮೂಡಿಸುವುದು ಬೇರೆಬೇರೆ ಕೆಲಸ. ಎರಡನ್ನೂ ಒಟ್ಟಿಗೆ ಹೇರಿದಾಗ ಕುಸಿಯುವ ಮಗುವಿಗೆ ಎರಡನ್ನೂ ಬೇರೆ ಮಾಡಿ ಕೊಡುವುದರಲ್ಲಿ ಯಾವ ಸೋಲೂ ಇಲ್ಲ.

ಈಗ ನಮ್ಮ ಮಾತಿನ ಕಡೆ ಬರೋಣ. ಮಗುವಿಗೆ ಒಂದು ಸೂಚನೆ ಕೊಡುತ್ತೇವೆ. "ಪುಸ್ತಕ ತೆಗಿ." ಒಂದೆರಡು ಸೆಕೆಂಡ್ ಆಯಿತು, ಮಗು ಅಲುಗಲಿಲ್ಲ. "ಕೇಳಿಸ್ತಾ? ಗಣಿತದ ಬುಕ್ ತೆಗಿ ಅಂದೆ." ಇನ್ನೂ ಇಲ್ಲ. "ನಿನ್ನೆ ಮಾಡಿದ್ವಲ್ಲ ಆ ಪುಟ ತೆಗೀಬೇಕು, ಎಲ್ಲರೂ ತೆಗ್ದಾಯ್ತು ನೋಡು." ನಮ್ಮ ಪಾಲಿಗೆ ಇದು ಒಂದೇ ಸೂಚನೆ. ಕೇಳಿದ್ದನ್ನು ಒಳಗೆ ಜೋಡಿಸಿಕೊಳ್ಳಲು ಹೊತ್ತು ಬೇಕಾದ ಮಗುವಿಗೆ ಇದು ಮೂರು ಬೇರೆ ಸೂಚನೆ. ಮೊದಲನೆಯದನ್ನು ಅರ್ಥ ಮಾಡಿಕೊಳ್ಳುವ ಮಧ್ಯದಲ್ಲಿ ಎರಡನೆಯದು ಬಂತು, ಮತ್ತೆ ಮೊದಲಿನಿಂದ ಶುರು. ಚಿಕ್ಕದಾಗಿ ಒಮ್ಮೆ ಹೇಳಿ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಮತ್ತೆ ಹೇಳಬೇಕಾದರೆ ಅದೇ ಪದಗಳಲ್ಲೇ ಹೇಳಿ. ಹತ್ತು ಸೆಕೆಂಡ್ ಸುಮ್ಮನಿರುವುದು ಶಿಕ್ಷಕರಿಗೆ ಎಷ್ಟು ಕಷ್ಟ ಅನ್ನುವುದು ಪ್ರಯತ್ನಿಸಿದವರಿಗೆ ಗೊತ್ತು. ಒಂದು ಪೈಸೆ ಖರ್ಚಿಲ್ಲದ ಬದಲಾವಣೆ ಇದು. ಇದರಷ್ಟು ಫಲ ಕೊಡುವ ಇನ್ನೊಂದನ್ನು ನಾನು ಕಂಡಿಲ್ಲ.

ಹೇಳಿದ್ದನ್ನೇ ತಿರುಗಿ ಹೇಳುವ ಮಕ್ಕಳಿದ್ದಾರೆ. "ನಿಂಗೆ ನೀರು ಬೇಕಾ?" ಅಂದರೆ "ನಿಂಗೆ ನೀರು ಬೇಕಾ" ಅಂತಲೇ ಅನ್ನುತ್ತಾರೆ. ಇದು ಅರ್ಥವಿಲ್ಲದ ಅನುಕರಣೆ, ನಿಲ್ಲಿಸಬೇಕು ಎಂದು ಒಂದು ಕಾಲದಲ್ಲಿ ನಂಬಿದ್ದರು. 1980ರ ದಶಕದ ಶುರುವಿನಲ್ಲಿ ಮಾತು-ಭಾಷೆಯ ತಜ್ಞ ಬ್ಯಾರಿ ಪ್ರಿಜಾಂಟ್ ಮತ್ತು ಅವರ ಜೊತೆಯವರು ಇಂಥ ಮಾತುಗಳನ್ನು ಹತ್ತಿರದಿಂದ ಅಧ್ಯಯನ ಮಾಡಿದರು. ಹೌದು ಅನ್ನಲು, ಕೇಳಲು, ತನ್ನ ಸರದಿ ತುಂಬಲು, ತನ್ನನ್ನು ತಾನು ಶಾಂತ ಮಾಡಿಕೊಳ್ಳಲು ಮಕ್ಕಳು ಇದನ್ನು ಬಳಸುತ್ತಾರೆ ಎಂದು ತೋರಿಸಿದರು. ಹಾಗಾಗಿ ಇಂಥ ಮಗುವಿಗೆ ಪ್ರಶ್ನೆ ಕೇಳುವ ಬದಲು ಅದು ಹೇಳಬಹುದಾದ ರೂಪದಲ್ಲೇ ಮಾತು ಕೊಡಿ. ನೀರಿನ ಲೋಟ ಹಿಡಿದು "ನಂಗೆ ನೀರು ಬೇಕು" ಅನ್ನಿ. ನಾಳೆ ಅದು ತಿರುಗಿ ಹೇಳುವುದು ಅದೇ ವಾಕ್ಯವನ್ನು.

ಆಸಕ್ತಿಯ ವಿಷಯ ನನಗೆ ತುಂಬ ಪ್ರೀತಿಯದು. ಒಬ್ಬ ಹುಡುಗನಿಗೆ ಲಿಫ್ಟ್ ಅಂದರೆ ಪ್ರಾಣ. ಬರೆಯುವುದು ಲಿಫ್ಟ್, ಮಾತು ಲಿಫ್ಟ್. "ಲೆಕ್ಕ ಮುಗಿಸಿದ್ರೆ ಲಿಫ್ಟ್ ವಿಡಿಯೋ ತೋರಿಸ್ತೀನಿ" ಅನ್ನುವುದು ಎಲ್ಲರೂ ಮಾಡುವ ಉಪಾಯ. ಸ್ವಲ್ಪ ಮಟ್ಟಿಗೆ ನಡೆಯುತ್ತದೆ ಕೂಡ. ಆದರೆ ಲೆಕ್ಕ ಅಂದರೆ ದಾಟಬೇಕಾದ ತೊಂದರೆ ಅನ್ನುವುದೂ ಅದರ ಜೊತೆಗೇ ಮಗುವಿಗೆ ತಲುಪುತ್ತದೆ. ಅವನ ಟೀಚರ್ ಇನ್ನೊಂದು ದಾರಿ ಹಿಡಿದರು. ಋಣ ಸಂಖ್ಯೆ ಶುರು ಮಾಡುವ ದಿನ ಬೋರ್ಡಿನ ಮೇಲೆ ಲಿಫ್ಟಿನ ಗುಂಡಿಗಳನ್ನು ಬರೆದರು. ನೆಲಮಹಡಿ ಸೊನ್ನೆ. ಕೆಳಗೆ ಮೈನಸ್ ಒಂದು, ಮೈನಸ್ ಎರಡು. "ಮೂರನೇ ಮಹಡಿಯಿಂದ ಐದು ಮಹಡಿ ಕೆಳಗೆ ಹೋದ್ರೆ ಎಲ್ಲಿರ್ತೀವಿ?" ಅವನಿಗೆ ಯೋಚಿಸಬೇಕಾಗಲೇ ಇಲ್ಲ. ಉಳಿದ ಮಕ್ಕಳಿಗೂ ಸಂಖ್ಯಾರೇಖೆ ಅಂದು ಚೆನ್ನಾಗಿ ತಲೆಗೆ ಹತ್ತಿತು. ಆಟಿಸಂ ಇರುವವರ ಗಮನ ಹಲವು ಕಡೆ ಹರಡುವ ಬದಲು ಕೆಲವೇ ವಿಷಯಗಳಲ್ಲಿ ಆಳವಾಗಿ ಇಳಿಯುತ್ತದೆ ಎಂದು ಸಂಶೋಧಕಿ ಡೈನಾ ಮರ್ರೆ ಮತ್ತು ಸಂಗಡಿಗರು 2005ರಲ್ಲಿ ಬರೆದರು. ಹಾಗೆ ನೋಡಿದರೆ, ಆ ಆಳದಿಂದ ಮಗುವನ್ನು ಎಳೆದು ತರುವುದಕ್ಕಿಂತ ಪಾಠವನ್ನು ಅಲ್ಲಿಗೆ ತೆಗೆದುಕೊಂಡು ಹೋಗುವುದು ಸುಲಭ. ಒಂದು ಕೆಲಸದಿಂದ ಇನ್ನೊಂದಕ್ಕೆ ತಟ್ಟನೆ ಎಬ್ಬಿಸಿದಾಗ ಯಾಕೆ ಅಷ್ಟು ಗಲಾಟೆ ಅನ್ನುವುದೂ ಇದರಿಂದ ತಿಳಿಯುತ್ತದೆ. ಮುಂಚೆ ಹೇಳಿ. ಎಷ್ಟು ಹೊತ್ತು ಉಳಿದಿದೆ ಎಂದು ಟೈಮರಿನಲ್ಲಿ ಕಾಣಲಿ. ಆದರೆ ಟೈಮರಿನ ಬೀಪ್‌ಗೇ ಹೆದರುವ ಮಗುವಾದರೆ ಮರಳು ಗಡಿಯಾರ ಇಡಿ.

ಗಲಾಟೆ ಅಂದೆನಲ್ಲ, ಅದರ ಬಗ್ಗೆ. ಮಗು ಕಿರುಚಿತು, ತಳ್ಳಿತು, ಓಡಿತು ಅಂದಾಗ ನಾವು ಬರೆದಿಡುವುದು ಬರೀ ಅದನ್ನೇ. ಅದಕ್ಕೆ ಮೊದಲು ಏನಾಗಿತ್ತು, ಅದರ ನಂತರ ಏನಾಯಿತು ಅನ್ನುವುದನ್ನೂ ಬರೆಯಿರಿ. ಯಾವ ಹೊತ್ತು, ಯಾವ ಜಾಗ, ಯಾವ ಸದ್ದು, ಹಿಂದಿನ ರಾತ್ರಿ ನಿದ್ದೆ ಆಗಿತ್ತೇ, ಹೊಟ್ಟೆ ನೋವಿತ್ತೇ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಒಳಗಿನ ನೋವು, ಹಸಿವು, ಒತ್ತಡ ಗುರುತಿಸುವುದೇ ಕಷ್ಟ, ಹೇಳುವುದಂತೂ ದೂರ. ಕೆಲವು ದಿನ ಹೀಗೆ ಬರೆದರೆ ಸಾಮಾನ್ಯವಾಗಿ ಒಂದು ಕ್ರಮ ಕಾಣುತ್ತದೆ. ಎಲ್ಲ ಗಲಾಟೆಯೂ ಸಂಗೀತದ ಪಿರಿಯಡ್ ಮುಗಿದ ಮೇಲಿನದ್ದು, ಅಥವಾ ಟೀಚರ್ ರಜೆ ಹಾಕಿದ ದಿನದ್ದು. ಕಾರಣ ಕಂಡ ಮೇಲೆ ಮೊದಲು ಸುತ್ತಲಿನದನ್ನು ಬದಲಿಸಿ. ಕುಳಿತ ಜಾಗ ಬದಲಿಸಬಹುದು, ಕಿವಿಗೆ ಹೆಡ್‌ಫೋನ್ ಕೊಡಬಹುದು, ಸಾಲಿನಲ್ಲಿ ಕೊನೆಗೆ ನಿಲ್ಲಿಸಬಹುದು. ಕೈ ಅಲ್ಲಾಡಿಸುವುದು, ತೂಗಾಡುವುದು ಯಾರಿಗೂ ನೋವು ಮಾಡದಿದ್ದರೆ ದಯವಿಟ್ಟು ನಿಲ್ಲಿಸಬೇಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡು ಎಂದು ಒತ್ತಾಯಿಸುವುದನ್ನೂ ಬಿಡಿ. ಬೇರೆ ಕಡೆ ನೋಡುವಾಗಲೇ ಚೆನ್ನಾಗಿ ಕೇಳಿಸಿಕೊಳ್ಳುವ ಮಕ್ಕಳು ಬಹಳ ಜನ ಇದ್ದಾರೆ.

ಹೆಸರಾಂತ ವಿಧಾನಗಳ ಬಗ್ಗೆ ನಾಲ್ಕು ಮಾತು. 1970ರ ದಶಕದಲ್ಲಿ ಎರಿಕ್ ಶಾಪ್ಲರ್ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಆಟಿಸಂ ಇರುವವರಿಗಾಗಿ ಕಟ್ಟಿದ ಟೀಚ್ (TEACCH) ಎಂಬ ಕಾರ್ಯಕ್ರಮದಿಂದ ನಾನು ತೆಗೆದುಕೊಳ್ಳುವುದು ಒಂದು ಒಳ್ಳೆ ಅಭ್ಯಾಸ. ಪ್ರತಿ ಕೆಲಸದಲ್ಲೂ ಏನು ಮಾಡಬೇಕು, ಎಷ್ಟು, ಮುಗಿದದ್ದು ಹೇಗೆ ಗೊತ್ತಾಗುತ್ತದೆ, ಆಮೇಲೇನು ಅನ್ನುವುದು ಮಗುವಿಗೆ ಕಣ್ಣಿಗೆ ಕಾಣಬೇಕು. 1985ರಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ ಪೆಕ್ಸ್ (PECS) ಎಂಬ ವಿಧಾನದಲ್ಲಿ ಮಗು ಚಿತ್ರವನ್ನು ಇನ್ನೊಬ್ಬರ ಕೈಗೆ ಕೊಟ್ಟು ಬೇಕಾದ್ದು ಪಡೆಯುತ್ತದೆ. ಸಂವಹನ ಅಂದರೆ ಇನ್ನೊಬ್ಬರವರೆಗೆ ತಲುಪುವುದು ಅನ್ನುವುದು ಇದರಿಂದ ಬರುತ್ತದೆ. ಎಬಿಎ (ABA), ಅಂದರೆ ಬೇಕಾದ ನಡವಳಿಕೆಯನ್ನು ಬಹುಮಾನ ಕೊಟ್ಟು ಹಂತಹಂತವಾಗಿ ಕಲಿಸುವ ವಿಧಾನ, ಅದರ ಬಗ್ಗೆ ಜಾಸ್ತಿ ವಾದ ಇದೆ. ಈ ವಿಧಾನದ ಮೇಲೆ ಮನೋವಿಜ್ಞಾನಿ ಲೋವಾಸ್ ಅವರ 1987ರ ಅಧ್ಯಯನದಲ್ಲಿ 19 ಪುಟ್ಟ ಮಕ್ಕಳಿಗೆ ವಾರಕ್ಕೆ 40 ಗಂಟೆಯ ತರಬೇತಿಯಿತ್ತು. ಕೆಲಸವನ್ನು ಸಣ್ಣ ಹೆಜ್ಜೆಗಳಾಗಿ ಒಡೆಯುವುದು, ಕೊಟ್ಟ ಸಹಾಯವನ್ನು ನಿಧಾನಕ್ಕೆ ಹಿಂತೆಗೆಯುವುದು ಆ ಪರಂಪರೆ ಕೊಟ್ಟ ಒಳ್ಳೆ ಉಪಕರಣಗಳು. ಆದರೆ ಮಗುವನ್ನು ಬೇರೆಯವರ ಹಾಗೆ ಕಾಣಿಸುವುದೇ ಗುರಿಯಾದರೆ ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಬಾಲ್ಯದಲ್ಲಿ ಅದನ್ನು ಅನುಭವಿಸಿ ಈಗ ದೊಡ್ಡವರಾದವರಲ್ಲಿ ಅನೇಕರು ಅದು ತಮಗೆ ಮಾಡಿದ ಗಾಯದ ಬಗ್ಗೆ ಹೇಳುತ್ತಿದ್ದಾರೆ. ಅವರ ಮಾತಿಗೆ ನಾನು ದೊಡ್ಡ ಬೆಲೆ ಕೊಡುತ್ತೇನೆ.

ಅರ್ಥವಾಗದಿರುವುದು ಎರಡೂ ಕಡೆ ಇದೆ ಎಂದು 2012ರಲ್ಲಿ ಹೇಳಿದ ಸಂಶೋಧಕ ಡೇಮಿಯನ್ ಮಿಲ್ಟನ್ ಅವರಿಗೂ ಆಟಿಸಂ ಇದೆ. ಆಟಿಸಂ ಇರುವವರಿಗೆ ನಾವು ಅರ್ಥವಾಗದಷ್ಟೇ ನಮಗೂ ಅವರು ಅರ್ಥವಾಗುವುದಿಲ್ಲ. 2020ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸುವ ಸರಪಳಿ ಮಾಡಿದ್ದರು. ಎಲ್ಲರೂ ಆಟಿಸಂ ಇರುವವರೇ ಆಗಿದ್ದ ಸರಪಳಿಯಲ್ಲಿ ಕಥೆ, ಆಟಿಸಂ ಇಲ್ಲದವರ ಸರಪಳಿಯಷ್ಟೇ ಚೆನ್ನಾಗಿ ದಾಟಿತು. ಜಾಸ್ತಿ ಸೋರಿದ್ದು ಎರಡೂ ಬೆರೆತ ಸರಪಳಿಯಲ್ಲಿ. ಶಿಕ್ಷಕರಾದ ನಾವು ನಿಂತಿರುವುದು ಸರಿಯಾಗಿ ಆ ಬೆರೆತ ಜಾಗದಲ್ಲೇ.

ಇನ್ನು ಬದಲಾವಣೆ ಮಾಡುವ ರೀತಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಜಾಗ, ಕಾರ್ಡು, ಬಹುಮಾನ ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಹೊಸದಾದದ್ದು ಯಾವುದೇ ಆಗಲಿ, ಮೊದಲ ಕೆಲವು ದಿನ ಅದಕ್ಕೆ ವಿರೋಧ ಸಹಜ, ತಕ್ಷಣ ಕೈಬಿಡಬೇಡಿ. ಮಗುವಿನ ನಿದ್ದೆ, ಊಟ ಕೆಡುತ್ತಿದ್ದರೆ, ಶಾಲೆಗೆ ಬರಲು ಹೆದರುತ್ತಿದ್ದರೆ ಮಾತ್ರ ಅಂದೇ ನಿಲ್ಲಿಸಿ. ಕಲಿತದ್ದನ್ನು ಬೇರೆ ಜಾಗದಲ್ಲಿ, ಬೇರೆ ವಸ್ತುವಿನ ಮೇಲೆ, ಬೇರೆಯವರ ಜೊತೆ ನೋಡುವ ತನಕ ಕಲಿತಾಯಿತು ಅನ್ನಬೇಡಿ. ಒಂದೇ ಕೆಂಪು ಬ್ಲಾಕ್ ತೋರಿಸಿ "ಕೆಂಪು" ಕಲಿಸಿದರೆ ಆ ಬ್ಲಾಕಿನ ಹೆಸರೇ ಕೆಂಪು ಎಂದು ಮಗು ತಿಳಿಯಬಹುದು.

ಸಭಿಕರ ಪ್ರಶ್ನೆಗಳು

ಒಬ್ಬ ತಾಯಿ ಕೇಳಿದರು: "ಮಾತಿನ ಬದಲು ಚಿತ್ರ, ಟ್ಯಾಬ್ ಕೊಟ್ರೆ ಅವನು ಮಾತಾಡೋದೇ ಬಿಡ್ತಾನೇನೋ ಅಂತ ಭಯ."

ಈ ಭಯ ಬಹಳ ಜನಕ್ಕಿದೆ. 2006ರಲ್ಲಿ ಇದೇ ಪ್ರಶ್ನೆ ಹಿಡಿದು ಹಿಂದಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದ ಒಂದು ವಿಮರ್ಶೆ ಬಂತು. ಸರಿಯಾದ ಪುರಾವೆ ಇದ್ದ 27 ಜನರ ಪೈಕಿ ಒಬ್ಬರಲ್ಲೂ ಮಾತು ಕಡಿಮೆಯಾಗಿರಲಿಲ್ಲ. ಹೆಚ್ಚಿನವರಲ್ಲಿ ಸ್ವಲ್ಪವಾದರೂ ಜಾಸ್ತಿಯಾಗಿತ್ತು. ಬೇಕಾದ್ದನ್ನು ಹೇಳಲು ಒಂದು ದಾರಿ ಸಿಕ್ಕಾಗ ಮಗುವಿನ ಒತ್ತಡ ಇಳಿಯುತ್ತದೆ ಅಮ್ಮಾ. ಧೈರ್ಯವಾಗಿ ಕೊಡಿ. ಟ್ಯಾಬನ್ನು ಶಿಕ್ಷೆ ಅಂತ ಮಾತ್ರ ಯಾವತ್ತೂ ಕಿತ್ತುಕೊಳ್ಳಬೇಡಿ, ಅದು ಅವನ ಬಾಯಿ.

ಒಬ್ಬ ಶಿಕ್ಷಕರು: "ಒಂದು ಮಗುವಿಗೆ ಇಷ್ಟೆಲ್ಲ ಮಾಡಿದ್ರೆ ಉಳಿದವರು 'ಅವನಿಗೆ ಮಾತ್ರ ಯಾಕೆ' ಅಂತಾರೆ ಮೇಡಂ."

ಕೇಳುತ್ತಾರೆ. ಮಕ್ಕಳಿಗೆ ನೇರವಾಗಿ ಹೇಳಿದರೆ ಅರ್ಥವಾಗುತ್ತದೆ: ಅವನಿಗೆ ಇದು ಬೇಕು, ನಿನಗೆ ಬೇಕಾದಾಗ ನಿನಗೂ ಕೊಡ್ತೀನಿ. ಹಾಗೆ ಹೇಳಿದ ಮೇಲೆ ಕೊಡಬೇಕು ಕೂಡ. ಬೋರ್ಡಿನ ಮೇಲೆ ದಿನದ ಕ್ರಮ, ಚಿಕ್ಕ ಸೂಚನೆ, ಹತ್ತು ಸೆಕೆಂಡ್ ಕಾಯುವುದು ಇವು ಇಡೀ ಕ್ಲಾಸಿಗೆ ಮಾಡಬಹುದಾದವು. ಕಲಿಕೆಯಲ್ಲಿ ಹಿಂದಿರುವ, ನಾಚಿಕೆಯ, ಭಾಷೆ ಹೊಸತಾದ ಮಕ್ಕಳಿಗೂ ಇವು ನೆರವಾಗುತ್ತವೆ.

ಇನ್ನೊಬ್ಬರು: "ಶಾಲೆಯಲ್ಲಿ ಗಲಾಟೆನೇ ಇಲ್ಲ ಅಂತಾರೆ. ಮನೆಗೆ ಬಂದ ತಕ್ಷಣ ಶುರು. ನಾವೇ ಸರಿ ಇಲ್ವಾ?"

ಖಂಡಿತ ಹಾಗಲ್ಲ. ಶಾಲೆಯಲ್ಲಿ ದಿನವಿಡೀ ಹಿಡಿದಿಟ್ಟುಕೊಂಡದ್ದು ನೆಮ್ಮದಿಯ ಜಾಗ ಸಿಕ್ಕ ಕೂಡಲೇ ಹೊರಗೆ ಬರುತ್ತದೆ. ಹೆಣ್ಣುಮಕ್ಕಳಲ್ಲಿ ಹೀಗೆ ಮುಚ್ಚಿಟ್ಟುಕೊಳ್ಳುವುದು ಹೆಚ್ಚಾಗಿ ಕಾಣುತ್ತದೆ, ಅವರ ಆಟಿಸಂ ಗುರುತಿಸುವುದು ತಡವಾಗಲು ಇದೂ ಒಂದು ಕಾರಣ. ಮನೆಗೆ ಬಂದ ಮೊದಲ ಸ್ವಲ್ಪ ಹೊತ್ತು ಪ್ರಶ್ನೆ ಬೇಡ, ಹೋಂವರ್ಕ್ ಬೇಡ. ಶಾಲೆಗೂ ಈ ವಿಷಯ ತಿಳಿಸಿ. ಅಲ್ಲಿ ದಿನದ ಮಧ್ಯೆ ಒಂದೆರಡು ಸಲ ಬಿಡುವು ಸಿಕ್ಕರೆ ಸಂಜೆಯ ಭಾರ ಇಳಿಯುತ್ತದೆ.

ಕೊನೆಯ ಪ್ರಶ್ನೆ: "ಈ ವರ್ಷ ಟೀಚರ್‌ಗೆ ಎಲ್ಲ ಅರ್ಥವಾಗಿದೆ. ಮುಂದಿನ ವರ್ಷ ಹೊಸಬರು ಬಂದ್ರೆ ಮತ್ತೆ ಮೊದಲಿಂದ ಶುರು ಮಾಡಬೇಕಾ?"

ಬೇಡ. ಈ ವರ್ಷ ಮುಗಿಯುವ ಮೊದಲು ಈಗಿನ ಟೀಚರ್ ಜೊತೆ ಕೂತು ಒಂದೇ ಒಂದು ಪುಟ ಬರೆಯಿರಿ. ಒಂದು ಪುಟ ಮೀರಿದರೆ ಯಾರೂ ಓದುವುದಿಲ್ಲ. ಮಗುವಿಗೆ ಏನು ಇಷ್ಟ, ಯಾವುದರಲ್ಲಿ ಜೋರು ಅನ್ನುವುದು ಮೊದಲು ಬರಲಿ, ಕಷ್ಟಗಳು ಆಮೇಲೆ. ಬೇಕು, ಬೇಡ, ನೋವು ಇವನ್ನು ಅದು ಹೇಗೆ ತಿಳಿಸುತ್ತದೆ ಅನ್ನುವುದಿರಲಿ. ಗಲಾಟೆಗೆ ಮುಂಚೆ ಕಾಣುವ ಸಣ್ಣ ಗುರುತು ಇರಲಿ, ಕಿವಿ ಹಿಡಿದುಕೊಳ್ಳುವುದೋ, ಒಂದೇ ಮಾತು ಮತ್ತೆಮತ್ತೆ ಹೇಳುವುದೋ. ಮಾಡಿ ನೋಡಿ ಕೈಬಿಟ್ಟದ್ದನ್ನೂ ಮರೆಯದೆ ಬರೆಯಿರಿ, ಇಲ್ಲದಿದ್ದರೆ ಹೊಸಬರು ಅದರಿಂದಲೇ ಶುರು ಮಾಡುತ್ತಾರೆ. ತಾನೇ ಹೇಳಬಲ್ಲ ಮಗುವಾದರೆ ಪುಟದ ಅರ್ಧ ಅದರ ಮಾತಿನಲ್ಲೇ ಇರಲಿ. ಜೊತೆಗೆ ತಾರೀಖು ಹಾಕಿ. ಮಗು ಬದಲಾಗುತ್ತಿರುತ್ತದೆ, ಹಾಗಾಗಿ ಮೂರು ತಿಂಗಳಿಗೊಮ್ಮೆ ಆ ಪುಟವನ್ನು ಹೊಸದಾಗಿ ಬರೆಯಬೇಕು.